ಹದಿನೇಳನೆಯ ವಾಕ್ಯ

ಸುಮಿತ್ರಾ ಭಾಷಾಶಾಸ್ತ್ರ ಓದಿದವಳಲ್ಲ. ಹಾವೇರಿಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ವಿಜಯವಾಡಕ್ಕೆ ಬಂದು ಇಪ್ಪತ್ತಾರು ವರ್ಷ. ಗಂಡ ದುರ್ಗಾಪ್ರಸಾದ್‌ನ ಮನೆಮಾತು ತೆಲುಗು. ಕನ್ನಡ ಆಡಬೇಕೆಂದರೆ ತುಳಸಿಗಿಡವೇ ಗತಿ. ಅಂಥವಳನ್ನು ವಿಶಾಖಪಟ್ಟಣದಿಂದ ಪ್ರೇರಣಾ ಎಂಬ ಸಂಶೋಧಕಿ ಹುಡುಕಿಕೊಂಡು ಬಂದಿದ್ದಳು. ಅವಳು ಕನ್ನಡ ಮನೆಮಾತಿನ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳು, ವಿಶಾಖದಲ್ಲೇ ಬೆಳೆದವಳು. ಕನ್ನಡದ ವಾಕ್ಯರಚನೆಯ ಮೇಲೆ ಬರೆಯುತ್ತಿದ್ದರೂ ತನ್ನ ಕನ್ನಡದ ಮೇಲೆ ಅವಳಿಗೇ ಭರವಸೆಯಿರಲಿಲ್ಲ.

ಮೂರು ವರ್ಷದಿಂದ ಪ್ರತಿ ಭಾನುವಾರ ಫೋನಿಗೆ ನಲವತ್ತು ವಾಕ್ಯಗಳ ಪಟ್ಟಿ ಬರುತ್ತಿತ್ತು. ಹೀಗೆ ಹೇಳಬಹುದಾದರೆ ಸರಿ ಗುರುತು, ಇಲ್ಲದಿದ್ದರೆ ತಪ್ಪು. ಯಾವ ಪಂಡಿತರಿಗೂ ಹೊಳೆಯದ ಉಪಾಯ ಸುಮಿತ್ರಾಳದು. ಇಂದ್ರಕೀಲಾದ್ರಿ ಬೆಟ್ಟ ಕಾಣುವ ಬಾಲ್ಕನಿಯಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದಳು. ತೀರಿಹೋದ ಅವ್ವ ಹಾವೇರಿಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಿರುತ್ತಿದ್ದಳು. ವಾಕ್ಯವನ್ನು ಅವ್ವ ಅಂದರೆ ಸರಿ, ಮೂತಿ ತಿರುವಿದರೆ ತಪ್ಪು. ‘ಮಾವಿನಕಾಯಿ ಕದ್ದವರು ತಾವೇ ಉಪ್ಪು ಕೇಳಿದರು’ ಎಂಬುದನ್ನು ಅವ್ವ ನಗುತ್ತಾ ಅಂದಿದ್ದಳು. ಸಂಶೋಧನೆಯೋ ಮತ್ತೊಂದೋ, ವಾರಕ್ಕೊಮ್ಮೆ ತವರಿಗೆ ಹೋಗಿಬಂದಂತಾಗುತ್ತಿತ್ತು. ಇದನ್ನು ತಿಳಿದ ಪ್ರೇರಣಾಳೂ, ಇವತ್ತು ಅವ್ವ ಏನಂದ್ರು ಅಕ್ಕ ಎಂದೇ ಕೇಳುತ್ತಿದ್ದಳು.

ಈ ಜೂನ್‌ನಲ್ಲಿ ಅವಳ ಫೋನ್ ಬಂತು. ಪತ್ರಿಕೆಗೆ ಕಳಿಸಿದ ಲೇಖನವನ್ನು ಪರಿಶೀಲಿಸಿದವರು ಅದರಲ್ಲಿನ, ಸುಮಿತ್ರಾ ಸರಿ ಎಂದು ಗುರುತು ಹಾಕಿದ್ದ ಹದಿನೇಳನೆಯ ವಾಕ್ಯದ ಬಗ್ಗೆ ಅನುಮಾನ ಎತ್ತಿದ್ದರು. ಲೇಖನದ ಅರ್ಧ ವಾದ ಅದರ ಮೇಲೆಯೇ ನಿಂತಿತ್ತು. ಅವ್ವನನ್ನು ಇನ್ನೊಮ್ಮೆ ಕೇಳಿ ಎಂದಳು.

ಸುಮಿತ್ರಾ ಕಣ್ಣು ಮುಚ್ಚಿದಳು. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು, ಆ ವಾಕ್ಯವನ್ನು ಮಾತ್ರ ಬಾಯಿಗೆ ತರಲಿಲ್ಲ. ಬೇರೆ ಯಾರೋ ಅದನ್ನು ಸಲೀಸಾಗಿ ಅಂದರು. ಆ ದನಿ ತನ್ನದೇ ಎಂದು ತಿಳಿದು ಕಣ್ಣು ತೆರೆದಳು. ಇಪ್ಪತ್ತಾರು ವರ್ಷದ ತೆಲುಗು ಸದ್ದಿಲ್ಲದೆ ಅವಳ ಕನ್ನಡದೊಳಗೆ ಇಳಿದಿತ್ತು. ಅವ್ವನ ಹೆಸರಿನಲ್ಲಿ ಇನ್ನೆಷ್ಟು ಗುರುತು ತಾನೇ ಹಾಕಿದ್ದಳೋ. ಹೇಳಿದರೆ ಹುಡುಗಿಯ ಲೇಖನ ಕುಸಿಯುತ್ತದೆ, ಭಾನುವಾರಗಳೂ ಮುಗಿಯುತ್ತವೆ. ಸುಮ್ಮನೆ ಸರಿ ಅಂದುಬಿಡೋಣ ಅನ್ನಿಸಿತು.

“ನಮ್ಮವ್ವ ಹಿಂಗ ಅನ್ನಂಗಿಲ್ಲ, ತಂಗಿ,” ಎಂದಳು. “ಇದು ನಾ ಅನ್ನೋದು. ಇಲ್ಲಿಗೆ ಬಂದ ಮ್ಯಾಲೆ ಕಲ್ತದ್ದು.”

ಪ್ರೇರಣಾ, ಸ್ವಲ್ಪ ಟೈಮ್ ಬೇಕು ಎಂದು ಫೋನ್ ಇಟ್ಟಳು.

ಎರಡು ಭಾನುವಾರ ಪಟ್ಟಿ ಬರಲಿಲ್ಲ. ಬಾಲ್ಕನಿಯಲ್ಲಿ ಎಷ್ಟು ಹೊತ್ತು ಕೂತರೂ ಅವ್ವನೂ ಬರಲಿಲ್ಲ. ಮೂರನೆಯ ಭಾನುವಾರ ಫೋನ್ ಸದ್ದು ಮಾಡಿತು. ಲೇಖನವನ್ನು ವಾಪಸ್ ತೆಗೆದುಕೊಂಡು ಹೊಸದಾಗಿ ಬರೆಯುತ್ತೇನೆ ಎಂದು ಪ್ರೇರಣಾ ತಿಳಿಸಿದ್ದಳು. ಕೆಳಗೆ ಲೇಖನದ ಅವೇ ಹಳೆಯ ವಾಕ್ಯಗಳು, ಮೊದಲಿನಿಂದ. ಗುರುತು ಹಾಕಲು ಮಾತ್ರ ಈಗ ಎರಡು ಕಾಲಂ ಇದ್ದವು: ‘ಅವ್ವ’, ‘ನೀವು’.

ಹದಿನೇಳನೆಯದಕ್ಕೆ ಸುಮಿತ್ರಾ ಅವ್ವನ ಕಾಲಂನಲ್ಲಿ ತಪ್ಪು ಹಾಕಿದಳು. ತನ್ನದರಲ್ಲಿ ಸರಿ ಹಾಕುವಾಗ ಅಳು ಬಂತು. ಕಣ್ಣು ಮುಚ್ಚಿ ಆ ವಾಕ್ಯವನ್ನು ತಾನೇ ಗಟ್ಟಿಯಾಗಿ ಅಂದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.