ಆ ಕೋಣೆಯಲ್ಲಿ ‘ಬಿಡಿ’ ಅನ್ನುವಂತಿಲ್ಲ

ಬೆಳಗಿನ ಆರೂವರೆ, ದಿನದ ಮೊದಲ ಕೇಸು. ಮೈಮೇಲೆ ಸೀಸದ ಭಾರದ ಅಂಗಿ, ಕೈಯಲ್ಲಿ ಜೆಲ್ ಹಚ್ಚಿದ ಪ್ರೋಬ್. ಮತ್ತಿನಲ್ಲಿ ಮಲಗಿರುವ ಏಳು ವರ್ಷದ ಹುಡುಗಿಯ ಎದೆಗೆ ಅದನ್ನು ಒತ್ತಿ ಪರದೆ ದಿಟ್ಟಿಸುತ್ತಿರುವ ಈ ಎಕೋ (ಹೃದಯದ ಸ್ಕ್ಯಾನ್) ಟೆಕ್ನಿಷಿಯನ್ನರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ‘ತಡೀರಿ ಅಕ್ಕ’ ಎಂದು. ಆಯ್ತಾ ಎಂದು ಡಾಕ್ಟರು ಮೂರನೇ ಸಲ ಕೇಳುತ್ತಾರೆ.

“ತಡೀರಿ ಸರ್.”

ಹುಡುಗಿಯ ಹೃದಯದ ನಡುಗೋಡೆಯಲ್ಲಿ ಹುಟ್ಟಿನಿಂದಲೇ ತೂತಿದೆ. ತೊಡೆಯ ರಕ್ತನಾಳದಿಂದ ತೂರಿಸಿದ ಸಪೂರ ನಳಿಕೆಯ ಮೂಲಕ ಡಾಕ್ಟರು ಅಲ್ಲಿಗೆ ಜೋಡಿತಟ್ಟೆಯ ಮುಚ್ಚಳ ಕೂರಿಸಿದ್ದಾರೆ. ಅದಿನ್ನೂ ತಂತಿಯ ತುದಿಯಲ್ಲಿದೆ, ತಂತಿಯಿಂದ ಬಿಟ್ಟರೆ ಮುಗಿಯಿತು, ಹಿಂದಕ್ಕೆ ಎಳೆಯಲಾಗದು. ಎಕ್ಸ್-ರೇಯಲ್ಲಿ ಮುಚ್ಚಳ ಕಾಣುತ್ತದೆ, ಅದು ಕಚ್ಚಿಕೊಳ್ಳಬೇಕಾದ ಅಂಚು ಕಾಣುವುದಿಲ್ಲ. ಅಂಚು ಕಾಣುವುದು ಅಕ್ಕನ ಅಲ್ಟ್ರಾಸೌಂಡಿನಲ್ಲಿ. ಅದೋ, ಕೇಬಲ್ಲಿಗೆ ಟೇಪು ಸುತ್ತಿಸಿಕೊಂಡು ನಡುನಡುವೆ ಮುನಿಸಿಕೊಳ್ಳುವ ಯಂತ್ರ. ಹೊಸದು ಕೊಡಿ ಎಂದು ಹನ್ನೊಂದು ಸಲ ಬರೆದಿದ್ದಾರೆ. ಬಂದದ್ದು ಹೊಸ ಟೇಪು.

ಹತ್ತೊಂಬತ್ತು ವರ್ಷದ ಕೆಲಸ, ದಿನಕ್ಕೆ ಮೂವತ್ತು ಎದೆ. “ಇನ್ನೂ ನಮ್ಮನ್ನ ಫೋಟೊ ತೆಗೆಯೋರು ಅಂತಾರೆ. ಮದುವೆ ಮನೇಲಾದ್ರೆ ಫೋಟೊದವ್ರಿಗೆ ಊಟನಾದ್ರೂ ಹಾಕ್ತಾರೆ.”

ಎಂಟು ವರ್ಷದ ಹಿಂದೆ ಇದೇ ಡಾಕ್ಟರು ಹೀಗೇ ಅವಸರ ಮಾಡಿದಾಗ ಅಕ್ಕ ರೋಸಿಹೋಗಿ ಗೊಣಗಿದ್ದರು: “ಹೋಗ್ಲಿ ಬಿಡಿ.” ಡಾಕ್ಟರ ಕಿವಿಗೆ ಬಿದ್ದದ್ದು ಕೊನೆಯ ಪದ ಮಾತ್ರ. ಬಿಟ್ಟರು. ಮುಚ್ಚಳ ಜಾರಿ ಶ್ವಾಸಕೋಶದ ನಾಳ ಸೇರಿತು. ಎದೆ ತೆರೆದು ತೆಗೆಯಬೇಕಾಯಿತು. ರೋಗಿ ಬದುಕಿಕೊಂಡರು. ಅಂದಿನಿಂದ ಅಕ್ಕ ಆ ಮಾತನ್ನು ಮನೆಯಲ್ಲೂ ಆಡುವುದಿಲ್ಲ. ಗಂಡನ ದೂರು ಬೇರೆಯೇ: “ನಮ್ಮನೇಲಿ ಜಗಳ ಮುಗಿಯೋದೇ ಇಲ್ಲ ಕಣ್ರೀ. ಹೋಗ್ಲಿ ಬಿಡಿ ಅನ್ನೋರು ಯಾರು?”

ಇವತ್ತೂ ಡಾಕ್ಟರು ನಿಟ್ಟುಸಿರು ಬಿಡುತ್ತಾರೆ. ತಮಗೆ ಸರಿಯಾಗಿಯೇ ಕಾಣುತ್ತಿದೆಯಂತೆ.

“ಕೆಳಗಿನ ಅಂಚು ಸಿಕ್ಕಿಲ್ಲ ಸರ್. ಒಂಚೂರು ಎಳೆದು ನೋಡಿ.”

ಎಳೆಯುತ್ತಾರೆ. ಮುಚ್ಚಳ ತೂತಿನಿಂದ ನುಣ್ಣಗೆ ಕಳಚಿ ಬರುತ್ತದೆ. ಅದನ್ನು ನಳಿಕೆಯೊಳಗೆ ಮಡಚಿ ತೆಗೆದು, ಒಂದು ಅಳತೆ ದೊಡ್ಡದನ್ನು ಕೂರಿಸುತ್ತಾರೆ. ಅಕ್ಕ ನಾಲ್ಕು ಕಡೆಯಿಂದ ನೋಡುತ್ತಾರೆ: ಅಂಚು ಸಿಕ್ಕಿದೆ, ಕವಾಟಕ್ಕೆ ಒತ್ತುತ್ತಿಲ್ಲ, ಹೃದಯದ ಸುತ್ತ ನೀರು ಕಟ್ಟಿಲ್ಲ.

“ಈಗ ಬಿಡಿ.”

ಹೊರಗೆ ಹುಡುಗಿಯ ತಾಯಿ ಅಳುತ್ತ, ಯಂತ್ರ ತಳ್ಳಿಕೊಂಡು ಬರುವ ಅಕ್ಕನನ್ನೇ ತಡೆದು, ಡಾಕ್ಟರು ಯಾವ ಕಡೆ ಹೋದರೆಂದು ಕೇಳುತ್ತಾರೆ. ಅವರಿಗೆ ಥ್ಯಾಂಕ್ಸ್ ಹೇಳಬೇಕಂತೆ. ಅಕ್ಕ ಎಡಕ್ಕೆ ಕೈ ತೋರಿಸುತ್ತಾರೆ.

ಬೇಸರ ಆಗಲಿಲ್ಲವೇ ಎಂದು ಕೇಳುತ್ತೇನೆ.

“ಆಗದೆ ಏನು? ರಿಟೈರ್ ಆಗೋ ದಿನ ಇವರೆಲ್ಲ ಬಂದು ಹೊಗಳ್ತಾರಲ್ಲ, ಆಗ ಮುಖ ನೋಡಿ ‘ಹೋಗ್ಲಿ ಬಿಡಿ’ ಅನ್ಬೇಕು. ಅಷ್ಟೇ ಆಸೆ.” ಟೇಪಿನ ಬಿಚ್ಚಿದ ತುದಿಯನ್ನು ಉಗುರಿನಿಂದ ಒತ್ತಿ ಅಂಟಿಸುತ್ತಾರೆ. “ಅವತ್ತು ಯಾರ ಕೈಲೂ ತಂತಿ ಇರ್ಬಾರ್ದು, ನೋಡಿ.”