ಕಾಕೂ ಕಂಡ ನಾಲ್ಕನೇ ಭಾಗ

ಹೋದ ವಾರ ಗಚ್ಚಿಬೌಲಿಯ ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ನಿಂತಿದ್ದೆ. ಅಂಗಡಿಯವನು ಕಾದ ಸೋಲ್ಡರಿಂಗ್ ಐರನ್ನನ್ನು ರಾಳದ ಡಬ್ಬಿಗೆ ಮುಟ್ಟಿಸಿದ. ಚುಂಯ್ ಎಂದು ಎದ್ದ ಹೊಗೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುಷಾಯಿಗೂಡದಲ್ಲಿ ನಮ್ಮ ಮನೆಯ ಕೆಳಗಿನ ಮನೆಯಲ್ಲಿದ್ದೆ... ಫೋನು ಸರಿಯಾಯಿತೆಂದು ಅವನು ತೆಲುಗಿನಲ್ಲಿ ಎರಡು ಸಲ ಹೇಳಬೇಕಾಯಿತು.

ಆ ಕೆಳಗಿನ ಮನೆಯಲ್ಲಿ ಕಾಕೂ ಇದ್ದರು. ನೆಂಟರೇನಲ್ಲ. ನಮ್ಮ ಹಾಗೆ ಬೀದರ್ ಕಡೆಯವರು, ಕಾಕೂ, ಅಂದರೆ ಚಿಕ್ಕಮ್ಮ, ಎನ್ನಲು ಅಷ್ಟು ಸಾಕಾಗಿತ್ತು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ರೇಡಿಯೊ ಬೋರ್ಡುಗಳಿಗೆ ಬೆಸುಗೆ ಹಾಕಿ ನಿವೃತ್ತರಾಗಿದ್ದರು. ಓಣಿಯ ಕೆಟ್ಟ ಮಿಕ್ಸರು, ಟಾರ್ಚುಗಳೆಲ್ಲ ಅವರ ಅಡುಗೆಮನೆ ಕಟ್ಟೆಗೇ ಬರುತ್ತಿದ್ದವು. ಉಪ್ಪಿಟ್ಟಿನ ಒಗ್ಗರಣೆಯೂ ರಾಳದ ಹೊಗೆಯೂ ಅಲ್ಲಿ ಜೊತೆಜೊತೆಗೇ ಏಳುತ್ತಿದ್ದವು.

ಕಾಕೂಗೆ ಒಂದು ಹುಚ್ಚಿತ್ತು. ಅವರ ವಯಸ್ಸಿನವರು ಭಾನುವಾರ ಪುರಾಣದ ಧಾರಾವಾಹಿ ನೋಡುವಾಗ ಅವರು ಹಿಂದಿಗೆ ಡಬ್ ಆಗಿ ಬರುತ್ತಿದ್ದ ಅಂತರಿಕ್ಷ ನೌಕೆಯ ಕಥೆ ನೋಡುತ್ತಿದ್ದರು. ಕ್ಯಾಪ್ಟನ್ ಮೇಲೆ ಅವರಿಗೆ ಅಂಥ ಅಕ್ಕರೆ ಇರಲಿಲ್ಲ. ಅವರ ಪ್ರೀತಿಯೆಲ್ಲ ನೌಕೆಯ ಮೆಕ್ಯಾನಿಕ್ ಹೆಂಗಸಿನ ಮೇಲೆ. ನಾನು ಕಾಲೇಜು ಸೇರಿದಾಗ ಅದೇ ಕಥೆ ಹೊಸ ನಟರೊಂದಿಗೆ, ಮೊದಲಿನಿಂದ, ಸಿನಿಮಾಗಳಾಗಿ ಬರತೊಡಗಿತು. ಮೂರು ಭಾಗ ಇಬ್ಬರೂ ಕೂಡಿ ನೋಡಿದೆವು. ಮೂರನೆಯದರ ಕೊನೆಗೆ ಆ ಮೆಕ್ಯಾನಿಕ್ ಒಬ್ಬಳೇ ಹಿಮದ ಚಂದ್ರನೊಂದರ ಮೇಲೆ ಉಳಿದುಬಿಡುತ್ತಾಳೆ. ಕೈಯಲ್ಲಿ ರೇಡಿಯೊ. ಅದರ ಕೆಂಪು ದೀಪ ಎರಡು ಮೂರು ಸಲ ಮಿಣುಕಿ ಆರಿಹೋಗುತ್ತದೆ, ಪರದೆ ಕಪ್ಪಾಗುತ್ತದೆ. ಕಸ ಗುಡಿಸುವವರು ಬರುವವರೆಗೂ ಕಾಕೂ ಸೀಟು ಬಿಟ್ಟು ಏಳಲಿಲ್ಲ.

ನಾಲ್ಕನೇ ಭಾಗದ ಬಗ್ಗೆ ಸಿನಿಮಾದವರು ತುಟಿ ಬಿಚ್ಚಲಿಲ್ಲ. ಅಭಿಮಾನಿಗಳು ಸುಮ್ಮನಿರಬೇಕಲ್ಲ. ಅವರಿಗೆಂದೇ ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾತಾಣವಿತ್ತು. ಅವಳು ಸತ್ತಳು, ಇನ್ನು ಹೊಸಬರ ಕಥೆ ಎಂದು ಕೆಲವರು. ನಾಲ್ಕನೆಯದು ಬರುವುದೇ ಇಲ್ಲ ಎಂದು ಹಲವರು. ಕಾಕೂ ಅವರೆಕಾಯಿ ಸುಲಿಯುತ್ತಾ ಕೂತರೆ ನಾನು ಆ ಇಂಗ್ಲಿಷನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಿದ್ದೀರಿ ಎಂದು ಅಮ್ಮ ಮೇಲಿನಿಂದ ಚುಚ್ಚುತ್ತಿದ್ದಳು. ಹೊಲಿದಿಟ್ಟರೆ ಕೂಸಿಗೂ ಬರುವ ಮನಸ್ಸಾದೀತು ಎಂದು ಕಾಕೂ ನಗುತ್ತಿದ್ದರು.

ಒಂದು ಮಧ್ಯಾಹ್ನ ಮಾತ್ರ ನಗಲಿಲ್ಲ. ಸುಲಿಯುವುದನ್ನು ನಿಲ್ಲಿಸಿ ಹೇಳಿದರು:

“ರೇಡಿಯೊ ಸುಟ್ಟಿದ್ರ ದೀಪ ಒಮ್ಮೆಲೆ ಆರತಿತ್ತು ನೋಡವ್ವಾ. ಇದು ಮಿಣುಕಿ ಮಿಣುಕಿ ಆರೈತಿ. ಅಂದ್ರ ರೇಡಿಯೊ ಸತ್ತಿಲ್ಲ, ಎಲ್ಲೋ ಒಂದು ಸೋಲ್ಡರ್ ಬಿಟ್ಟೈತಿ. ಆಕಿ ಮೆಕ್ಯಾನಿಕ್ ಅದಾಳ, ಹುಡುಕತಾಳ. ನಾಕನೇದ್ರಾಗ ಬಂದ ಬರತಾಳ. ಇದನ್ನ ಅವರಿಗೆ ಬರಿ.”

ಬರೆದೆ. ನಮ್ಮ ಕಾಕೂ ಹೀಗೆನ್ನುತ್ತಾರೆ ಎಂದೇ ಶುರುಮಾಡಿ, ಅವರು ಹೇಳಿದ್ದನ್ನೆಲ್ಲ ಇಂಗ್ಲಿಷಿಗೆ ತಂದು ಹಾಕಿದೆ. ಗಂಟೆಯೊಳಗೆ ಐದು ಉತ್ತರ ಬಂದವು. ಇದೇನು ರೇಡಿಯೊ ರಿಪೇರಿ ಕ್ಲಾಸೇ ಎಂದು ಒಬ್ಬ. ನಿರ್ದೇಶಕನಿಗೆ ಇಷ್ಟು ತಲೆಯಿದ್ದರೆ ಸಿನಿಮಾ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಇನ್ನೊಬ್ಬ. ಉಳಿದವರು ನಕ್ಕಿದ್ದರು. ನನ್ನ ಕಿವಿ ಬಿಸಿಯಾಯಿತು. ಆಗ ನನಗೆ ಇಪ್ಪತ್ತು ವರ್ಷ. ಕಾಕೂಗೆ ನೋವಾದೀತೆಂದು ಮುಚ್ಚಿಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನಾಚಿಕೆಯಾದದ್ದು ನನಗೆ. ತಾಣದಿಂದ ಹೊರಬಿದ್ದವಳು ಮತ್ತೆ ಅತ್ತ ಸುಳಿಯಲಿಲ್ಲ. ಕಾಕೂಗೆ, ಎಲ್ಲರೂ ಸರಿ ಅಂದರು, ಭಾಳ ಮೆಚ್ಚಿದರು ಎಂದುಬಿಟ್ಟೆ.

ಅವರು ಹಿಗ್ಗಲಿಲ್ಲ.

“ಯಾರೂ ಏನೂ ಕೇಳಲಿಲ್ಲೇನು?”

ಕಾರ್ಖಾನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಬೋರ್ಡು ಪಾಸು ಮಾಡಿದ ತಪಾಸಣೆಯವನು ಅದನ್ನು ಸರಿಯಾಗಿ ನೋಡಿಯೇ ಇರುತ್ತಿರಲಿಲ್ಲವಂತೆ. ಆಮೇಲೆ ನಾನು ಮೆಟ್ಟಿಲಿಳಿದಾಗಲೆಲ್ಲ, ಏನಾದರೂ ಕೇಳಿದರೇ ಎಂದು ವಿಚಾರಿಸುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಒಂದು ದಿನ ವಿಚಾರಿಸುವುದನ್ನು ಬಿಟ್ಟರು... ತಾಣ ಓದಿ ಹೇಳುವುದು ಎಂದೋ ನಿಂತಿತ್ತು. ನನಗೆ ಕೆಲಸ ಸಿಕ್ಕಿ ಊರಿನ ಈ ತುದಿಗೆ ಬಂದೆ. ಹಬ್ಬಕ್ಕೆ ಹೋದಾಗಲೆಲ್ಲ ನಿಜ ಹೇಳಬೇಕೆಂದುಕೊಳ್ಳುತ್ತಿದ್ದೆ, ಅವರು ಕೊಟ್ಟ ಚಹಾ ಕುಡಿದು ಬರುತ್ತಿದ್ದೆ. ಮೂರನೇ ವರ್ಷ ಅವರಿಗೆ ಎದೆನೋವು ಬಂದದ್ದೂ ಅವರು ಹೋದದ್ದೂ ಒಂದೇ ಬೆಳಗ್ಗೆ. ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂಗಡಿಯಿಂದ ಮನೆಗೆ ಬಂದು, ಸರಿಹೋದ ಫೋನಿನಲ್ಲಿ ಆ ತಾಣ ತೆರೆದೆ. ನಾಲ್ಕನೇ ಭಾಗ ಕೊನೆಗೂ ತಯಾರಾಗುತ್ತಿದೆಯಂತೆ, ಅಲ್ಲಿ ಜಾತ್ರೆಯಂಥ ಗದ್ದಲ. ಹುಡುಕಿದರೆ ನನ್ನ ಹಳೆಯ ಬರಹ ಸಿಕ್ಕಿತು. ಕೆಳಗೆ ಅದೇ ಐವರು. ಅವರ ಕೆಳಗೆ ಪುಟಗಟ್ಟಲೆ ಬೇರೆ ಜನ. ಹಡಗಿನಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದ ಒಬ್ಬರು, ನಿಮ್ಮ ಕಾಕೂ ಹೇಳಿದ್ದು ಸರಿ ಎಂದು ಬರೆದು, ಅಷ್ಟು ಚಳಿಯಲ್ಲಿ ಆ ಬೆಸುಗೆ ಇನ್ನಷ್ಟು ಬಿಡುವುದಿಲ್ಲವೇ ಎಂದು ಕೇಳಿದ್ದರು. ಹಿಮದಲ್ಲಿ ಅವಳು ಐರನ್ನನ್ನು ಕಾಯಿಸುವುದು ಹೇಗೆಂದು ಕಾಕೂನ ಕೇಳಿ ಹೇಳಿ ಎಂದು ಇನ್ನೊಬ್ಬಳು. ಮೊದಲ ಪ್ರಶ್ನೆ ಬಂದದ್ದು ನಾನು ಮುಖ ತಿರುಗಿಸಿದ ಮರುದಿನವೇ. ಕಾಕೂ ಮೆಟ್ಟಿಲ ಬಳಿ ನಿಂತು ವಿಚಾರಿಸಿದ ಒಂದೊಂದು ದಿನವೂ ಪ್ರಶ್ನೆಗಳು ಅಲ್ಲಿದ್ದವು. ಓದುತ್ತಾ ಅತ್ತುಬಿಟ್ಟೆ.

ಕೊನೆಯ ಪ್ರಶ್ನೆ ಈ ತಿಂಗಳದ್ದು: ಅವಳು ಬರುತ್ತಾಳೆಂದು ಕಾಕೂ ಈಗಲೂ ಹೇಳುತ್ತಾರೆಯೇ?

ಬರುತ್ತಾಳೆ ಎಂದಿದ್ದರು ಎಂದು ಬರೆದೆ. ಉಳಿದವಕ್ಕೆ ಉತ್ತರ ಗೊತ್ತಿದ್ದವರು ಈಗ ಇಲ್ಲ, ನೀವು ಕೇಳಿದಿರೆಂದು ನಾನು ಅವರಿಗೆ ಹೇಳಲೇ ಇಲ್ಲ ಎಂದೂ ಬರೆದೆ.