ಕೊನೆಯಿಲ್ಲದ ಕಾಲುವೆಯ ನಕ್ಷೆ

ಅಕ್ಕ ಬರೆದ ನಕ್ಷೆಯನ್ನು ಗೆರೆ ಹಿಡಿದು ತಿದ್ದಿ, ದೊಡ್ಡದು ಮಾಡಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಆ ಕೆಲಸ ನನಗೆ ಬರುತ್ತಿತ್ತು. ಆದರೆ ಮಾಡಿ ಕೊಡಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆದರೆ ಏನಾದರೊಂದು ನೆಪ ಬಂದು ಸೇರಿಕೊಳ್ಳುತ್ತದೆ.

ಹೋದ ವರ್ಷ ದೇವಾಪುರದಲ್ಲಿ ಅಕ್ಕನ ಮನೆಯ ಮಾಳಿಗೆ ಹತ್ತಿದಾಗ ಸುರುಳಿ ಸುತ್ತಿಟ್ಟ ಒಂದು ಹಳೆಯ ಫ್ಲೆಕ್ಸ್ ಸಿಕ್ಕಿತು. ಬಿಚ್ಚಿದೊಡನೆ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ಸೀನು ಬಂತು. ಬಿಳಿಯ ಬೆನ್ನಿನ ತುಂಬ ಕೆಂಪು ಕಲೆ. ಮಗುಚಿದರೆ ಚೌಕ ಚೌಕವಾಗಿ ಒಡೆದುಹೋದ ಒಂದು ದೇಶ...

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಶಹಾಪುರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುವೆಯ, ಹುಟ್ಟುಹಬ್ಬದ ಬ್ಯಾನರುಗಳನ್ನು ಮಾಡುವುದು ನನ್ನ ಕೆಲಸ. ಪಕ್ಕದವರನ್ನು ನೋಡಿ ನೋಡಿ ಕಲಿತದ್ದು. ಅಕ್ಕ ನನಗಿಂತ ಸ್ವಲ್ಪ ಹೆಚ್ಚು ಓದಿದ್ದಳು. ದೇವಾಪುರಕ್ಕೆ ಮದುವೆಯಾಗಿ ಹೋದ ಮೇಲೆ ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿಯಾದಳು. ಅನ್ನ ಬೇಯುವ ತನಕ ಮಕ್ಕಳನ್ನು ಸುಮ್ಮನೆ ಕೂರಿಸಬೇಕಲ್ಲ, ಅದಕ್ಕೆಂದು ಕತೆ ಹೇಳುತ್ತಿದ್ದಳು. ಕತೆಯೆಲ್ಲ ನಡೆಯುವುದು ಅವಳೇ ಕಟ್ಟಿಕೊಂಡ ಒಂದು ದೇಶದಲ್ಲಿ.

ಆ ದೇಶ ಹುಟ್ಟಿದ್ದು ನಮ್ಮೂರು ದೋರನಹಳ್ಳಿಯಲ್ಲಿ, ನಾವು ಚಿಕ್ಕವರಿದ್ದಾಗ. ಆಗಷ್ಟೇ ಕೆನಾಲ್ ಬಂದಿತ್ತು. ನಮ್ಮ ಹೊಲ ಕಾಲುವೆಯ ಕಟ್ಟಕಡೆಗೆ. ಮೇಲಿನವರೆಲ್ಲ ಹಾಯಿಸಿಕೊಂಡು ಉಳಿದರೆ ನಮಗೆ ನೀರು. ಒಣಗಿದ ಕಾಲುವೆಯ ಕೆಸರಿನ ಮೇಲೆ ಅಕ್ಕ ಕಡ್ಡಿಯಿಂದ ಬೇರೊಂದು ಕಾಲುವೆ ಗೀರುತ್ತಿದ್ದಳು. ಅದು ಕೆರೆಯಿಂದ ಹೊರಟು, ಊರೂರು ಸುತ್ತಿ, ತಿರುಗಿ ಅದೇ ಕೆರೆಗೆ ಬಂದು ಸೇರುತ್ತಿತ್ತು. ಹಾಗಾಗಿ ಅವಳ ದೇಶದಲ್ಲಿ ಕೊನೆಯ ಹೊಲ ಅನ್ನುವುದೇ ಇರಲಿಲ್ಲ.

ದೊಡ್ಡವಳಾದ ಮೇಲೆ ಅದನ್ನು ಎರಡು ಡ್ರಾಯಿಂಗ್ ಹಾಳೆ ಅಂಟಿಸಿ ಪೆನ್ಸಿಲಿನಲ್ಲಿ ಬರೆದಳು. ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಗುಡ್ಡಗಳು, ಅವುಗಳಲ್ಲೊಂದು ಶಹಾಪುರದ ಗುಡ್ಡದ ಹಾಗೆ ಕಾಲು ಚಾಚಿ ಮಲಗಿದ್ದು. ಊರುಗಳ ಹೆಸರು ಇರುವೆಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ನನಗೀಗ ಎರಡೇ ನೆನಪಿವೆ: ಉಂಡಾಡಿಹಾಳ, ನೀರಗಂಟಿಪೇಟೆ.

ಒಂದು ದಿನ ಆ ಹಾಳೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಅಂಗನವಾಡಿಯ ನೆಲದ ಮೇಲೆ ಹಾಸುವಷ್ಟು ದೊಡ್ಡದು ಬೇಕಂತೆ. ಅವಳು ಕತೆ ಹೇಳುತ್ತ ಹೋದಂತೆ ಮಕ್ಕಳು ಬರಿಗಾಲಲ್ಲಿ ಊರಿಂದ ಊರಿಗೆ ನಡೆಯಬೇಕಂತೆ. ನನಗೆ ನಗು ಬಂತು. ನೀರು ಇಳಿಜಾರು ಬಿಟ್ಟು ತಿರುಗಿ ಕೆರೆಗೆ ಹೇಗೆ ಏರುತ್ತದೆ ಎಂದು ಕೇಳಿದೆ.

"ನನ್ನ ದೇಶದಾಗ ಏರತದ. ನಿನ್ನ ಗಂಟೇನು ಹೋತು?" ಅಂದಳು.

ಕಂಪ್ಯೂಟರಿನಲ್ಲಿ ಮೂರು ದಾರಿ ಇವೆಯೆಂದು ದೊಡ್ಡಸ್ತಿಕೆಯಿಂದಲೇ ತೋರಿಸಿದೆ. ಒಂದು, ಫೋಟೋ ತಿದ್ದುವ ಸಾಫ್ಟ್‌ವೇರ್. ಅದರಲ್ಲಿ ಚಿತ್ರವೆಂದರೆ ಬಣ್ಣದ ಚುಕ್ಕಿಗಳ ರಾಶಿ. ಪೆನ್ಸಿಲಿನ ನೆರಳೂ ಉಳಿಯುತ್ತದೆ, ನೋಡಲು ಚೆಂದ. ಆದರೆ ಚಿತ್ರವನ್ನು ಹಿಗ್ಗಿಸಿದರೆ ಚುಕ್ಕಿಯೇ ಹಿಗ್ಗಿ ಚೌಕವಾಗುತ್ತದೆ. ಇನ್ನೊಂದು, ಗೆರೆಯ ಸಾಫ್ಟ್‌ವೇರ್. ಅದರಲ್ಲಿ ಪ್ರತಿ ಗೆರೆಯ ಮೇಲೂ ಬಿಂದು ಇಟ್ಟು, ಎಳೆದು, ಬಾಗಿಸಿ ಹೊಸದಾಗಿ ಬರೆಯಬೇಕು. ದಿನಗಟ್ಟಲೆ ಕೆಲಸ. ಆಮೇಲೆ ಊರಗಲ ಹಿಗ್ಗಿಸಿದರೂ ಗೆರೆ ಗೆರೆಯಾಗಿಯೇ ಇರುತ್ತದೆ. ಮೂರನೆಯದು, ಇಲ್ಲದ ದೇಶಗಳ ನಕ್ಷೆ ಮಾಡುವುದಕ್ಕೆಂದೇ ಇಂಟರ್‌ನೆಟ್ಟಿನಲ್ಲಿ ಸಿಗುವಂಥದ್ದು. ಗುಡ್ಡ, ಕಾಡು, ಕೋಟೆ ಎಲ್ಲ ಸಿದ್ಧವಾಗಿರುತ್ತವೆ, ಒತ್ತಿದಲ್ಲಿ ಬಂದು ಕೂರುತ್ತವೆ.

ಅಕ್ಕ ಮೂರನೆಯದನ್ನೇ ಬಹಳ ಹೊತ್ತು ನೋಡಿದಳು. ಚೂಪು ಚೂಪು ಗುಡ್ಡ, ತುದಿಯಲ್ಲಿ ಹಿಮ.

"ಈ ಗುಡ್ಡಕ್ಕ ಸುಣ್ಣಾ ಬಳದಾರೇನು?" ಎಂದು ಕೇಳಿದಳು. ಇವು ಯಾರದೋ ಊರಿನ ಗುಡ್ಡ, ನಮಗೆ ಬೇಡ ಅಂದಳು. ಆಮೇಲೆ ಮೊದಲಿನ ಎರಡರ ಕಡೆಗೆ ಬೆರಳು ಮಾಡಿದಳು. ಅವಳು ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವವಳು.

"ಅದು ಅರಿವಿ ತುಂಡು, ಇದು ದಾರ. ನನಗ ದಾರ ಬೇಕು ತಮ್ಮಾ."

ಆಗಲಿ ಅಂದೆ. ಮೊಬೈಲಿನಲ್ಲಿ ನಕ್ಷೆಯ ಫೋಟೋ ಹೊಡೆದುಕೊಂಡು ಹಾಳೆಯನ್ನು ತಿರುಗಿ ಕೊಟ್ಟೆ. ಅಂದೇ ಸಂಜೆ ಕೆರೆಯನ್ನೂ ಕಾಲುವೆಯ ಮೊದಲ ತಿರುವನ್ನೂ ಗೆರೆಯಲ್ಲಿ ತೆಗೆದೆ. ಚೆನ್ನಾಗಿಯೇ ಬಂದಿತ್ತು. ಅಷ್ಟಕ್ಕೇ ಬಿಟ್ಟೆ. ಮದುವೆಯ ಕಾಲ, ಅಂಗಡಿ ತುಂಬ ಕೆಲಸ... ಇಗೋ, ನೆಪ ಬಂತು. ಬಿಡುವಿರುತ್ತಿತ್ತು. ಬಿಡುವಿದ್ದಾಗ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

ಹೀಗಿರುವಾಗ ಒಂದು ದಿನ, ಅಂಗನವಾಡಿಗೆ ಸುಣ್ಣಬಣ್ಣ ಆಗಿದೆ, ನಾಳೆ ಮಕ್ಕಳಿಗೆ ತೋರಿಸುತ್ತೇನೆಂದು ಹೇಳಿದ್ದೇನೆ ಎಂದು ಅಕ್ಕ ಫೋನ್ ಮಾಡಿದಳು. ನಾನು ಮೊಬೈಲಿನ ಆ ಫೋಟೋವನ್ನೇ ಹಾಕಿ, ಹಿಗ್ಗಿಸಿ, ಪ್ರಿಂಟ್ ಕೊಟ್ಟೆ. ಏನು ಬರುತ್ತದೆಂದು ಪರದೆಯ ಮೇಲೆಯೇ ಕಾಣುತ್ತಿತ್ತು. ಗೊತ್ತಿದ್ದೇ ಕೊಟ್ಟೆ.

ಮರುದಿನ ನಾನೇ ಒಯ್ದು ಹಾಸಿದೆ. ಮಕ್ಕಳು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತವು. ನೀರಗಂಟಿಪೇಟೆ ಎಲ್ಲಿದೆ ಎಂದು ಒಂದು ಮಗು ಕೇಳಿತು. ಅಕ್ಕ ಬಗ್ಗಿ ಹುಡುಕಿದಳು. ಮಂಡಿಯೂರಿ ಹುಡುಕಿದಳು. ತಾನು ಕಟ್ಟಿದ ಊರು ಅವಳಿಗೇ ಸಿಗಲಿಲ್ಲ. ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಎಲ್ಲೋ ಮಸುಕಾಗಿಬಿಟ್ಟಿತ್ತು. ಆಮೇಲೆ ನನ್ನ ಮುಖ ನೋಡಿದಳು.

"ನಿನ್ನ ಗೆರಿ ಕಂಪ್ಯೂಟರಿಗೆ ಹತ್ತಲಿಲ್ಲಕ್ಕ" ಅಂದೆ.

"ನನ್ನ ಗೆರಿನ ಸರಿ ಇಲ್ಲೇನು?"

"ಹೂಂ."

ಅವಳು ಬೈಯಲಿಲ್ಲ. ಮನೆಗೆ ಕರೆದೊಯ್ದು ರೊಟ್ಟಿ ತಟ್ಟಿ ಉಣ್ಣಿಸಿ ಕಳಿಸಿದಳು. ಮುಂದೆ ಯಾವಾಗಲೋ ಬೇರೆ ಮಾತಿನ ನಡುವೆ, ನಕ್ಷೆಯ ಹಾಳೆಯನ್ನು ಒಲೆಗೆ ಹಾಕಿದೆ ಎಂದು ತಾನೇ ಹೇಳಿದಳು. ಫ್ಲೆಕ್ಸನ್ನು ಮಗುಚಿ ಹಾಸಿ ಪ್ರತಿ ವರ್ಷ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಮತ್ತೆ ಅವಳು ಪೆನ್ಸಿಲ್ ಹಿಡಿದದ್ದನ್ನು ನಾನು ಕಾಣಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡಳು. ನಮ್ಮ ಕಡೆ ಈಗ ಯಾರೇ ತೀರಿದರೂ ಓಣಿಯ ಬಾಯಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಲ್ಲಬೇಕು. ಅಕ್ಕನ ಮಗಳು ಅಂಗಡಿಗೆ ಬಂದು, ಹತ್ತಾರು ಮಂದಿಯ ನಡುವೆ ನಿಂತ ಅವಳವ್ವನ ಫೋಟೋ ಒಂದನ್ನು ಮೊಬೈಲಿನಲ್ಲಿ ತೋರಿಸಿದಳು. ಅದೊಂದೇ ಇದ್ದದ್ದು. ಹಿಗ್ಗಿಸಿದೆ. ಅಕ್ಕನ ಮುಖ ಚೌಕ ಚೌಕವಾಯಿತು. ಫೋಟೋದಲ್ಲಿ ಇರುವುದೇ ಇಷ್ಟು, ಕಂಪ್ಯೂಟರಿನಿಂದ ಹೆಚ್ಚೇನೂ ಆಗುವುದಿಲ್ಲ ಎಂದು ಹೇಳಿದೆ. ಈ ಸಲ ಅದು ನಿಜವಾಗಿತ್ತು.

"ಅವ್ವನ ನಕ್ಷಾಕ್ಕೂ ಹಿಂಗ ಆಗಿತ್ತಲ್ಲ ಮಾಮಾ. ನನ್ನ ಗೆರಿ ಸರಿ ಇಲ್ಲ, ಕಂಪ್ಯೂಟರಿಗೆ ಹತ್ತಲಿಲ್ಲ ಅಂತ ಸಾಯೂತನಕ ಹೇಳ್ತಿದ್ಲು."

ಮುಖವನ್ನು ಸಣ್ಣದಾಗಿಯೇ ಇಟ್ಟು ಸುತ್ತ ಕಪ್ಪು ತುಂಬಿ ಕೊಟ್ಟೆ.

ಅಕ್ಕನ ತಿಥಿ ಮುಗಿದ ಮೇಲೆ ನಾನು ಅವಳ ಮನೆಯ ಆ ಮಾಳಿಗೆ ಹತ್ತಿದ್ದು. ಮೊಬೈಲಿನ ಫೋಟೋವೂ ಅಂದು ಅರ್ಧಕ್ಕೆ ಬಿಟ್ಟ ಗೆರೆಯೂ ಎಂದೋ ಹೋಗಿದ್ದವು. ಉಳಿದದ್ದು ಮೆಣಸಿನ ಘಾಟಿನ ಈ ಫ್ಲೆಕ್ಸ್ ಒಂದೇ. ಅದನ್ನು ಅಂಗಡಿಯ ಗೋಡೆಗೆ ಕಟ್ಟಿ, ನೋಡಿ ನೋಡಿ ಗೆರೆ ಎಳೆಯತೊಡಗಿದೆ. ಕಾಲುವೆಯನ್ನು ಊಹಿಸಬಹುದಿತ್ತು. ಗುಡ್ಡವನ್ನೂ. ಹೆಸರುಗಳನ್ನು ಹೇಗೆ ಊಹಿಸುವುದು... ಎರಡು ಊರಿಗೆ ಹೆಸರು ಬರೆದೆ. ಉಳಿದ ಊರುಗಳಿಗೆ ಬರೀ ಸುತ್ತು ಗೆರೆ.

ಹೋದ ವಾರ ಅದನ್ನು ದೇವಾಪುರಕ್ಕೆ ಒಯ್ದು ಅಕ್ಕನ ಮನೆಯ ಪಡಸಾಲೆಯಲ್ಲಿ ಹಾಸಿದೆ. ಗೆರೆ ಎಲ್ಲೂ ಒಡೆದಿರಲಿಲ್ಲ. ಅವಳ ಮಗಳು ಚಪ್ಪಲಿ ಬಿಟ್ಟು ಕೆರೆಯ ಮೇಲೆ ನಿಂತಳು. ಕಾಲುವೆಯ ಗುಂಟ ನಿಧಾನವಾಗಿ ನಡೆದು, ಹೆಸರಿಲ್ಲದ ಊರುಗಳನ್ನು ದಾಟಿ, ತಿರುಗಿ ಕೆರೆಗೇ ಬಂದಳು.

"ಖರೇನ ಕೊನಿ ಇಲ್ಲ ನೋಡ್ರಿ" ಅಂದಳು. ಕಾಲಿನ ಕೆಳಗೆ ನೋಡುತ್ತ ಕೇಳಿದಳು. "ಹಂಗಾದ್ರ ಆಗೂ ಕಂಪ್ಯೂಟರಿಗೆ ಬರ್ತಿತ್ತೇನು ಮಾಮಾ?"

"ಬರ್ತಿತ್ತು. ನಿಮ್ಮವ್ವನ ಗೆರಿ ಬರೋಬರಿನ ಇತ್ತು. ನಾ ಮಾಡ್ಲಿಲ್ಲ, ಮ್ಯಾಲ ಸುಳ್ಳು ಹೇಳ್ದೆ."

ನಾನು ಬಗ್ಗಿ, ಹೆಸರಿಲ್ಲದ ಒಂದು ಊರಿನ ಮೇಲೆ ಕೈಯಿಟ್ಟೆ.

"ಅಕ್ಕಾ, ನಂದು ತಪ್ಪಾತು."